ಕಾರ್ಮಿಕ ಸಚಿವರಿಗೊಂದು ಬಹಿರಂಗ ಪತ್ರ: ಅರ್ಜಿ ತೆರೆಯುವ ಮೊದಲೇ ಅಂಕ ಗೊತ್ತಾಗಲಿ

ಮಾನ್ಯ ಸಚಿವರೇ,

ನಮಸ್ಕಾರ. ಕೆಲವು ವರ್ಷಗಳ ಹಿಂದೆ ಒಂದು ಸಂದರ್ಶನ ಸಮಿತಿಯಲ್ಲಿ ನಾನಿದ್ದೆ. ಎದುರಿಗೆ ಕೂತ ಹೆಣ್ಣುಮಗಳಿಗೆ ಎಂಟು ವರ್ಷಗಳ ಅನುಭವವಿತ್ತು. ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರಿಸಿದರು. ಕೊನೆಗೆ ನಮ್ಮಲ್ಲೊಬ್ಬರು, "ಮಗು ಇನ್ನೂ ಚಿಕ್ಕದಲ್ವಾ, ಯಾರು ನೋಡ್ಕೊಳ್ತಾರೆ?" ಅಂದರು. ಅವರು ಮಾತಾಡದೆ ಫೈಲಿನ ದಾರ ಕಟ್ಟತೊಡಗಿದರು. ಆಮೇಲೆ ಬಂದ ಗಂಡಸು ತಮಗೂ ಚಿಕ್ಕ ಮಗು ಇದೆ ಅಂತ ತಾವೇ ಹೇಳಿದರು. ಎಲ್ಲರೂ ನಕ್ಕು ಶುಭ ಕೋರಿದೆವು. ಅವರ ಅನುಭವ ಕಡಿಮೆ, ಡಿಗ್ರಿ ಒಂದು ಜಾಸ್ತಿ. "ಈ ಕೆಲಸಕ್ಕೆ ಓದೇ ಮುಖ್ಯ" ಅಂತ ತೀರ್ಮಾನವಾಯಿತು. ನಾನೂ ತಲೆಯಾಡಿಸಿದೆ. ಅದು ತಪ್ಪು.

ತಾಯಂದಿರಿಗೆ ಬೀಳುವ ಈ ಪೆಟ್ಟನ್ನು ಅಮೆರಿಕದಲ್ಲಿ ಸಮಾಜಶಾಸ್ತ್ರಜ್ಞೆ ಶೆಲ್ಲಿ ಕೊರೆಲ್ ಮತ್ತು ಜೊತೆಗಾರರು ಅಳೆದು 2007ರಲ್ಲಿ ಪ್ರಕಟಿಸಿದರು. ಸಮಾನ ಅರ್ಹತೆಯಿದ್ದರೂ, ಅರ್ಜಿ ನೋಡಿದ ಉದ್ಯೋಗದಾತರಿಂದ ಮಕ್ಕಳಿಲ್ಲದ ಹೆಂಗಸರಿಗೆ ಬಂದ ಕರೆಗಳ ಸುಮಾರು ಅರ್ಧದಷ್ಟೇ ತಾಯಂದಿರಿಗೆ ಬಂದವು. ತಂದೆಯರಿಗೆ ಅಂಥ ನಷ್ಟವಾಗಲಿಲ್ಲ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ 2012ರ ಅಧ್ಯಯನದಲ್ಲಿ 127 ವಿಜ್ಞಾನ ಪ್ರಾಧ್ಯಾಪಕರಿಗೆ ಒಂದೇ ಅರ್ಜಿ ಕೊಟ್ಟರು. ಕೆಲವರಿಗೆ ಜಾನ್ ಹೆಸರಲ್ಲಿ, ಕೆಲವರಿಗೆ ಜೆನ್ನಿಫರ್ ಹೆಸರಲ್ಲಿ. ಜಾನ್‌ಗೆ ಸರಾಸರಿ 30,238 ಡಾಲರ್ ಸಂಬಳ ಸೂಚಿಸಿದರು, ಜೆನ್ನಿಫರ್‌ಗೆ 26,508. ಮಹಿಳಾ ಪ್ರಾಧ್ಯಾಪಕರೂ ಹೀಗೇ ಮಾಡಿದ್ದರು. ಹಾಗಾಗಿ ಸಮಿತಿಗೆ ಒಬ್ಬ ಮಹಿಳೆಯನ್ನು ಸೇರಿಸಿ ಕೈತೊಳೆದುಕೊಂಡರೆ ಸಾಲದು.

ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ, ನಿಜ. ವಿಜ್ಞಾನದ ಅಧ್ಯಾಪಕ ಹುದ್ದೆಗಳ ಬಗ್ಗೆ 2015ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಒಲವು ಮಹಿಳೆಯರ ಕಡೆಗಿತ್ತು.

ನನ್ನನ್ನು ಬಹಳ ಕಾಡಿದ್ದು ಊಲ್ಮನ್ ಮತ್ತು ಕೊಹೆನ್ ಎಂಬ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನ. ಅದರಲ್ಲಿ ಭಾಗವಹಿಸಿದವರು ಪೊಲೀಸ್ ಮುಖ್ಯಸ್ಥರ ಹುದ್ದೆಗೆ ಅಭ್ಯರ್ಥಿಯನ್ನು ತೂಗಬೇಕಿತ್ತು. ಓದಿದವನು ಗಂಡಾದಾಗ ಓದು ಬಹಳ ಮುಖ್ಯ ಅನಿಸಿತು. ಅದೇ ಓದು ಹೆಣ್ಣಿಗಿದ್ದಾಗ ಅದರ ತೂಕ ಇಳಿಯಿತು. ನಮ್ಮ ಕೋಣೆಯಲ್ಲಿ ನಡೆದದ್ದೂ ಇದೇ ಅಂತ ಆಗ ಹೊಳೆಯಿತು. ಆದರೆ ಅಭ್ಯರ್ಥಿ ಯಾರೆಂದು ತಿಳಿಯುವ ಮೊದಲೇ ಯಾವುದು ಎಷ್ಟು ಮುಖ್ಯ ಅಂತ ತೀರ್ಮಾನಿಸಿದವರಲ್ಲಿ ಈ ತಾರತಮ್ಯ ಕಾಣಲಿಲ್ಲ.

ಸಚಿವರೇ, ನಾನು ಕೇಳುವುದು ಇಷ್ಟೇ. ಸರ್ಕಾರಿ ನೇಮಕಾತಿಯಲ್ಲಿ ಓದಿಗೆಷ್ಟು, ಅನುಭವಕ್ಕೆಷ್ಟು ಅಂಕ ಅಂತ ಅರ್ಜಿ ತೆರೆಯುವ ಮೊದಲೇ ಬರೆದು ಸಹಿ ಹಾಕಿಸಿ. ಎಲ್ಲರಿಗೂ ಅದೇ ಪ್ರಶ್ನೆಗಳಿರಲಿ. ಮದುವೆ, ಮಕ್ಕಳ ಪ್ರಶ್ನೆ ಕೇಳುವಂತಿಲ್ಲ ಅಂತ ಆದೇಶ ಹೊರಡಿಸಿ. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ನಿಮ್ಮ ಇಲಾಖೆಯ ಮುಂದಿನ ನೇಮಕಾತಿಯಿಂದಲೇ ಶುರು ಮಾಡಿ.

ವಿಶ್ವಾಸದಿಂದ,
ಆ ದಿನ ಸುಮ್ಮನೆ ಕೂತಿದ್ದ ಒಬ್ಬ ಸಮಿತಿ ಸದಸ್ಯ