ರಿಂಗ್ ರಸ್ತೆಗೆ ಸಿಟಿ ಬಸ್ ಯಾವಾಗ?

ಮಾನ್ಯ ಸಂಪಾದಕರೇ,

ಕಳೆದ ಸೋಮವಾರ ಮಧ್ಯಾಹ್ನ ಅವ್ವನನ್ನು ಸೇಡಂ ರಸ್ತೆಯ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ನಮ್ಮ ಮನೆ ಕಲಬುರಗಿಯ ರಿಂಗ್ ರಸ್ತೆಯಾಚೆ, ಹೊಸ ಬಡಾವಣೆಯಲ್ಲಿದೆ. ಮುಕ್ಕಾಲು ಗಂಟೆ ಕಾದರೂ ಸಿಟಿ ಬಸ್ ಬರಲಿಲ್ಲ. ನಮ್ಮೂರ ಬಿಸಿಲು ಗೊತ್ತೇ ಇದೆ ಅಲ್ವಾ? ನೆರಳಿಗೆ ಇದ್ದದ್ದು ಒಂದೇ ಬೇವಿನ ಮರ. ಅದರ ಕೆಳಗೆ ಆಗಲೇ ಕಬ್ಬಿನ ಹಾಲಿನ ಗಾಡಿ ನಿಂತಿತ್ತು. ಕೊನೆಗೆ ಶೇರ್ ಆಟೊ ಹತ್ತಿದೆವು. ಮೂರು ಮಂದಿ ಕೂಡುವಲ್ಲಿ ಆರು ಮಂದಿ, ಡ್ರೈವರ್ ಪಕ್ಕ ಇನ್ನಿಬ್ಬರು. ಆಟೊದವರನ್ನು ಬೈಯಲಾರೆ. ಅವರೂ ಇಲ್ಲದಿದ್ದರೆ ನಡೆದೇ ಹೋಗಬೇಕು.

2011ರ ಜನಗಣತಿಯಲ್ಲೇ ಈ ನಗರದ ಜನಸಂಖ್ಯೆ ಐದು ಲಕ್ಷ ದಾಟಿತ್ತು. 2019ರಲ್ಲಿ ವಿಮಾನ ನಿಲ್ದಾಣವೂ ಬಂತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಟಿಕೆಟ್ ಉಚಿತ. ಆದರೆ ನಮ್ಮ ಕಡೆ ಬಸ್ಸೇ ಬರದಿದ್ದರೆ? ಅವ್ವನ ಆಧಾರ್ ಕಾರ್ಡ್ ಸುಮ್ನೆ ಪರ್ಸಿನಲ್ಲೇ ಕೂತಿದೆ.

ಪಕ್ಕದ ಬಡಾವಣೆಗೆ ಹೋಗಲೂ ಊರ ನಡುವಿನ ಸೂಪರ್ ಮಾರ್ಕೆಟ್ ಬಸ್ ನಿಲ್ದಾಣಕ್ಕೆ ಬಂದು ಬಸ್ ಬದಲಿಸಬೇಕಾದ ಸ್ಥಿತಿ ನಮ್ಮದು. ಊರ ನಡುವೆ ಟ್ರಾಫಿಕ್ ಜಾಸ್ತಿಯಾಗಲು ಇದೂ ಒಂದು ಕಾರಣ. ರಿಂಗ್ ರಸ್ತೆಯಲ್ಲಿ ಎರಡೂ ದಿಕ್ಕಿಗೆ ಮಿನಿ ಬಸ್ ಓಡಿಸಲಿ. ಗಂಟೆಗೆ ನಾಲ್ಕು ಬಂದರೂ ಸಾಕು. ಸೇಡಂ, ಆಳಂದ, ಹುಮನಾಬಾದ್ ರಸ್ತೆಗಳು ರಿಂಗ್ ರಸ್ತೆಯನ್ನು ಕೂಡುವಲ್ಲಿ ನೆರಳಿರುವ ತಂಗುದಾಣ ಕಟ್ಟಲಿ. ಬಡಾವಣೆಯ ಒಳಗಿನಿಂದ ಅಲ್ಲಿಯವರೆಗೆ ಶೇರ್ ಆಟೊಗಳಿಗೇ ರೂಟ್ ಗೊತ್ತುಮಾಡಿದರೆ ಅವರ ದುಡಿಮೆಗೂ ಪೆಟ್ಟಿಲ್ಲ.

ಜತೆಗೆ ಒಂದು ವೇಳಾಪಟ್ಟಿಯ ಬೋರ್ಡ್ ಹಾಕಲಿ. ಸದ್ಯಕ್ಕೆ ಬಸ್ಸಿನ ಟೈಮು ಹೇಳುವುದು ಆ ಕಬ್ಬಿನ ಹಾಲಿನವನೇ.

– ಒಬ್ಬ ಪ್ರಯಾಣಿಕ, ಕಲಬುರಗಿ