ಸ್ಮಶಾನದ ಗೇಟಿನಲ್ಲಿ ‘ಯಾವ ಸಭೆ’ ಎಂದು ಕೇಳಬೇಡಿ

ಮಾನ್ಯ ಸಂಪಾದಕರೇ,

ಜನವರಿ 18ರಿಂದ 25ರವರೆಗೆ ಕ್ರೈಸ್ತ ಐಕ್ಯತೆಯ ಪ್ರಾರ್ಥನಾ ವಾರ. 1908ರಿಂದ ನಡೆದುಬಂದ ಪದ್ಧತಿ. ಫಾದರ್, ಪಾಸ್ಟರ್ ಎಲ್ಲ ಒಂದೇ ವೇದಿಕೆಗೆ ಬರುತ್ತಾರೆ, ಹಾಡಾಗುತ್ತದೆ, ಶಾಲು ಹಾಕುತ್ತಾರೆ, ಫೋಟೊ ಬರುತ್ತದೆ. ಸಂತೋಷವೇ. ಈ ಸಲ ಆ ವಾರದಲ್ಲಿ ಒಂದು ಕೆಲಸವೂ ಆಗಲಿ ಅಂತ ಈ ಪತ್ರ.

ಹೋದ ಮಳೆಗಾಲದಲ್ಲಿ ನಮ್ಮ ಬೀದಿಯ ಅಜ್ಜಿಯೊಬ್ಬರು ತೀರಿಕೊಂಡರು. ಬಾಡಿಗೆ ಮಹಡಿಯಲ್ಲಿ ನಡೆಯುವ ಪ್ರೇಯರ್ ಹಾಲ್‌ಗೆ ಹೋಗುತ್ತಿದ್ದವರು. ಆ ಸಭೆಗೆ, ಅಂದರೆ ಆ ಚರ್ಚ್ ಪಂಗಡಕ್ಕೆ, ಸ್ವಂತ ಸಮಾಧಿ ಜಾಗ ಇಲ್ಲ. ಮಗ ಫ್ರೀಜರ್ ಬಾಕ್ಸ್ ತರಿಸಿ, ದೇಹವನ್ನು ಅದರಲ್ಲಿಟ್ಟು ಒಂದೊಂದೇ ಚರ್ಚಿನ ಬಾಗಿಲು ತಟ್ಟಿದ. ಒಂದು ಕಮಿಟಿ ಸದಸ್ಯತ್ವದ ಪುಸ್ತಕ, ಚಂದಾ ರಸೀದಿ ಕೇಳಿತು. ಇನ್ನೊಂದು ಕಡೆ ನಾಳೆ ಬನ್ನಿ ಅಂದರು. ಮಾರನೇ ದಿನ ಸಂಜೆ ಅಂತೂ ಜಾಗ ಸಿಕ್ಕಿತು, ಆದರೆ ಅಜ್ಜಿಯ ಪಾಸ್ಟರ್ ಒಳಗೆ ಪ್ರಾರ್ಥನೆ ಮಾಡಬಾರದು ಅಂತ ಷರತ್ತು. ಅವರು ಬೈಬಲ್ಲನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿಕೊಂಡು ಗೇಟಿನ ಹೊರಗೇ ನಿಂತು ಪ್ರಾರ್ಥನೆ ಮುಗಿಸಿದರು. ಯಾವ ಸಭೆ ಅಂತ ಹೆಸರು ಹೇಳುವುದಿಲ್ಲ. ನಾಳೆ ನಮ್ಮ ಸಭೆಯೂ ಹಾಗೇ ಮಾಡಬಹುದು, ಅಲ್ವಾ?

ನಾನು ಮೆಥೋಡಿಸ್ಟ್, ಅಂದರೆ ಪ್ರೊಟೆಸ್ಟೆಂಟರಲ್ಲಿ ಒಂದು ಸಭೆಯವಳು. ಯಜಮಾನರು ಕೆಜಿಎಫ್‌ನ ಕ್ಯಾಥೋಲಿಕರು, ತಮಿಳಿನಲ್ಲಿ ಪೂಜೆ ಕೇಳಿ ಬೆಳೆದವರು. ನಾದಿನಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ). ಜಪಸರ ಬೇಕಾ ಬೇಡ್ವಾ, ದೀಕ್ಷಾಸ್ನಾನಕ್ಕೆ ನೀರು ಚಿಮುಕಿಸಿದರೆ ಸಾಕಾ, ಮುಳುಗಿಸಲೇಬೇಕಾ ಅನ್ನೋ ಜಗಳ ನಮ್ಮ ಮನೆಯಲ್ಲಿ ಊಟದ ಜೊತೆಗೇ ನಡೆಯುತ್ತದೆ. ಮುಗಿದಿಲ್ಲ, ಮುಗಿಯಬೇಕಾಗಿಯೂ ಇಲ್ಲ. ಎಲ್ಲ ಸಭೆಗಳೂ ಒಂದೇ ಆಗಿಬಿಡಲಿ ಅಂತ ನಾನು ಕೇಳುತ್ತಿಲ್ಲ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನರು (ಇಂಗ್ಲೆಂಡಿನ ಚರ್ಚಿನ ಪರಂಪರೆಯವರು), ಬ್ರಿಟಿಷ್ ಮಿಷನ್ನಿನ ಮೆಥೋಡಿಸ್ಟರು ಮತ್ತೆ ಕೆಲವರು ಸೇರಿ ಸಿಎಸ್‌ಐ ಆಯಿತು. ಅಮೆರಿಕನ್ ಮಿಷನ್ನಿನಿಂದ ಬಂದ ನಮ್ಮ ಕೋಲಾರದವರು ಸೇರಲಿಲ್ಲ. ಹಾಗಾಗಿ ತುಮಕೂರಿನ ವೆಸ್ಲಿಯನ್ನರು, ಅಂದರೆ ಬ್ರಿಟಿಷ್ ಮಿಷನ್ನಿನ ಮೆಥೋಡಿಸ್ಟರು, ಈಗ ಸಿಎಸ್‌ಐ, ನಾವು ಮೆಥೋಡಿಸ್ಟ್. ಮೂಲ ನೋಡಿದರೆ ಒಂದೇ ಮನೆತನ. ಎರಡೂ ಸಭೆ ಚೆನ್ನಾಗಿಯೇ ನಡೆಯುತ್ತಿವೆ.

ಕ್ಯಾಥೋಲಿಕರ ಕಾನೂನಿನಲ್ಲೂ ದಾರಿ ಇದೆ. 1983ರ ಕ್ಯಾನನ್ ಕಾನೂನಿನ 1183ನೇ ವಿಧಿ ಪ್ರಕಾರ, ಬೇರೆ ಸಭೆಯ ದೀಕ್ಷಾಸ್ನಾನ ಆದವರು ತೀರಿಕೊಂಡಾಗ ಅವರ ಪಾದ್ರಿ ಸಿಗದಿದ್ದರೆ, ಅವರೇ ಬೇಡ ಅಂದಿರದಿದ್ದರೆ, ಬಿಷಪ್ಪರ ಒಪ್ಪಿಗೆಯಿಂದ ಅಂತ್ಯಕ್ರಿಯೆ ಮಾಡಬಹುದು. ಪ್ರಾರ್ಥನೆಗೇ ಅವಕಾಶ ಇದೆ ಅಂದಮೇಲೆ ಆರಡಿ ಜಾಗಕ್ಕೆ ಇಷ್ಟು ಬಿಗಿ ಯಾಕೆ?

ತಪ್ಪು ಕಮಿಟಿಗಳದ್ದು ಮಾತ್ರ ಅಂತಲೂ ಅಲ್ಲ. ಪ್ರೇಯರ್ ಹಾಲ್‌ನವರು ಹಳೇ ಚರ್ಚಿನವರಿಗೆ ರಕ್ಷಣೆಯೇ (ಮೋಕ್ಷವೇ) ಇಲ್ಲ ಅಂತ ಭಾನುವಾರ ಮೈಕಿನಲ್ಲಿ ಹೇಳಿ, ಸೋಮವಾರ ಅವರ ಸ್ಮಶಾನಕ್ಕೇ ಬಂದರೆ ಯಾರಿಗೆ ಸಿಟ್ಟು ಬರಲ್ಲ? ಗೋಡೆ ಕಟ್ಟಿಸಲು, ಮುಳ್ಳುಗಿಡ ಕೀಳಿಸಲು ಒಂದು ರೂಪಾಯಿ ಕೊಡದೆ ಜಾಗ ಮಾತ್ರ ಕೇಳುವುದೂ ಸರಿಯಲ್ಲ.

ಕೋಲಾರ, ಬಂಗಾರಪೇಟೆ, ಮಾಲೂರು, ಕೆಜಿಎಫ್‌ನ ಫಾದರ್, ಪಾಸ್ಟರ್, ಕಮಿಟಿಯವರು ಆ ವಾರದಲ್ಲಿ ಒಂದು ಮಧ್ಯಾಹ್ನ ಕೂತು ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಲಿ. ದೀಕ್ಷಾಸ್ನಾನ ಆಗಿದೆ ಅಂತ ಮನೆಯವರು ಹೇಳಿದರೆ ಸಾಕು. ಅವರ ಪಾಸ್ಟರ್ ಸಮಾಧಿ ಹತ್ತಿರವೇ ನಿಂತು ಪ್ರಾರ್ಥನೆ ಮಾಡಲಿ. ಶುಲ್ಕ ಎಲ್ಲರಿಗೂ ಒಂದೇ ಇರಲಿ, ಗೇಟಿನ ಬೋರ್ಡಿನಲ್ಲಿ ಬರೆಸಲಿ. ಪ್ರೇಯರ್ ಹಾಲ್‌ಗಳೂ ನಿರ್ವಹಣೆಗೆ ವರ್ಷ ವರ್ಷ ಪಾಲು ಕೊಡಲಿ.

ಜಾಗವೇ ಸಾಲದು ಅನ್ನುವ ಮಾತೂ ಇದೆ. ಸರಿ, ಹತ್ತು ಸಭೆ ಹತ್ತು ಅರ್ಜಿ ಹಾಕುವ ಬದಲು ಒಂದೇ ಅರ್ಜಿಗೆ ಎಲ್ಲರೂ ಸಹಿ ಹಾಕಿ ತಹಶೀಲ್ದಾರರ ಹತ್ತಿರ ಹೋಗಿ. ಬರೆಯಲು ಯಾರೂ ಸಿಗದಿದ್ದರೆ ನಾನೇ ಬರೆದುಕೊಡುತ್ತೇನೆ.

– ಒಬ್ಬ ನಿವೃತ್ತ ನರ್ಸ್, ಕೋಲಾರ