ಜೆಸಿಬಿ ಉಂಟು, ಜರಡಿ ಇಲ್ಲ

ಸಂಪಾದಕರೇ,

ಕಾಸರಗೋಡಿನ ನಮ್ಮ ಗುಡ್ಡೆಯಲ್ಲಿ ಸಿಕ್ಕಿದ ಮಗುವಿನ ಎಲುಬುಗಳ ಬಗ್ಗೆ ನಿನ್ನೆ ಬಂದ ವರದಿ ಓದಿದೆ. ‘ಹಲ್ಲೆಯ ಕುರುಹು ಇಲ್ಲ’ ಎಂದು ಅಧಿಕಾರಿಗಳು ಸಂಜೆಯೊಳಗೇ ಹೇಳಿಕೆ ಕೊಟ್ಟಾಯಿತಂತೆ. ಜೆಸಿಬಿಯಲ್ಲಿ ಅಗೆದು, ಸಿಮೆಂಟಿನ ಗೋಣಿಗೆ ತುಂಬಿಸಿ, ಬರಿಗಣ್ಣಲ್ಲೇ ತೀರ್ಪು ಕೊಡುವವರಿಗೆ ಎಕ್ಸ್‌ರೇ ಯಾಕೆ ಬೇಕು ಹೇಳಿ!

ದೊಡ್ಡವರ ಮೈಯಲ್ಲಿ 206 ಎಲುಬು. ಎಳೆಮಕ್ಕಳಲ್ಲಿ ತುದಿಗಳು ಇನ್ನೂ ಕೂಡಿರುವುದಿಲ್ಲ, ಹಾಗಾಗಿ ತುಂಡುಗಳ ಲೆಕ್ಕ ಅದಕ್ಕಿಂತ ಎಷ್ಟೋ ಹೆಚ್ಚು. ಕೆಲವು ಕಡಲೆಕಾಳಿಗಿಂತ ದೊಡ್ಡದಿಲ್ಲ. ಕರಣೆ, ಕುಂಚ ಹಿಡಿದು ಪದರ ಪದರವಾಗಿ ಬಿಡಿಸಿ, ಅಷ್ಟೂ ಮಣ್ಣನ್ನು 2 ಮಿ.ಮೀ. ಕಣ್ಣಿನ ಜರಡಿ ಹಿಡಿಯಬೇಕು. ಹಿಂಸೆಯ ಸುಳಿವು ಹೆಚ್ಚಾಗಿ ಇರುವುದೇ ಆ ಚೂರುಗಳಲ್ಲಿ. ಎದೆಯನ್ನು ಎರಡೂ ಕೈಯಲ್ಲಿ ಅದುಮಿದರೆ ಪಕ್ಕೆಲುಬು ಬೆನ್ನಿನ ಕಡೆಯ ಬುಡದಲ್ಲಿ ಮುರಿಯುತ್ತದೆ. ಕೈಕಾಲು ಹಿಡಿದು ಜಗ್ಗಿದರೆ ಉದ್ದ ಎಲುಬಿನ ತುದಿಯ ಮೂಲೆ ಚಕ್ಕೆ ಏಳುತ್ತದೆ. ಶಿಶುಗಳಲ್ಲಿ ಮುರಿದಲ್ಲಿ ಹೊಸ ಎಲುಬು ಮೂಡಲು 7ರಿಂದ 14 ದಿನ ಸಾಕು. ಒಂದು ಪಕ್ಕೆಲುಬಿನಲ್ಲಿ ಮಾಗಿದ ಗಂಟು, ಪಕ್ಕದ್ದರಲ್ಲಿ ಹಸಿ ಮುರಿತ ಇದ್ದರೆ ‘ತೊಟ್ಟಿಲಿಂದ ಬಿತ್ತು’ ಎಂಬ ಒಂದೇ ಕಥೆ ಸಾಲದು. ಕಂಡದ್ದೆಲ್ಲ ಹೊಡೆತವೂ ಅಲ್ಲ, ರಿಕೆಟ್ಸ್, ಸ್ಕರ್ವಿಯಂಥ ಜೀವಸತ್ವದ ಕೊರತೆಯ ರೋಗಗಳು ಸಹ ಹೀಗೇ ಮೋಸ ಮಾಡುತ್ತವೆ. ಹಸಿ ಎಲುಬು ಮುರಿದರೆ ಅಂಚು ನಯ, ಮಣ್ಣಿನದೇ ಬಣ್ಣ ಹಿಡಿದಿರುತ್ತದೆ. ಒಣಗಿದ ಮೇಲೆ ಮುರಿದದ್ದು ಒರಟು, ಬಿಳಿಚಿದ ಅಂಚು. ಈಗ ಜೆಸಿಬಿ ಮುರಿದದ್ದನ್ನು ಬೇರ್ಪಡಿಸುವ ಕೆಲಸವೂ ಸೇರಿತು. ತೊಳೆಯುವ ಮೊದಲೇ ಎಕ್ಸ್‌ರೇ ತೆಗೆಯಬೇಕು, ಪಕ್ಕೆಲುಬಿಗೆ ಓರೆಯಿಂದಲೂ. ಕುದಿಸಬಾರದು. ಬ್ಲೀಚಂತೂ ಬೇಡವೇ ಬೇಡ.

ಈ ಘನಕಾರ್ಯಕ್ಕೆ ದಾರಿಗೆ ಹಗ್ಗ ಕಟ್ಟಿ ಶಾಲೆಯ ವ್ಯಾನನ್ನು ಹಿಂದೆ ಕಳಿಸಿದರು. ಹಾಲು ಹೊತ್ತವರು ಸುತ್ತುಬಳಸಿ ನಡೆದರು. ನಮ್ಮ ಬಾವಿಯಲ್ಲೆಲ್ಲ ಕೆಂಪು ಧೂಳು. ಮಹಜರಿಗೆ ಸಹಿ ಹಾಕಿ ಎಂದು ಬಿಸಿಲಲ್ಲಿ ನಿಲ್ಲಿಸಿ ಕೊಟ್ಟ ಕಾಗದ ಮಲಯಾಳದ್ದು! ಇಲ್ಲಿಯ ಕನ್ನಡಿಗರು ಕೇರಳ ಸರಕಾರದೊಂದಿಗೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡಬಹುದು ಎಂಬ ಕಾನೂನು 1969ರಿಂದ ಉಂಟು, ನೆನಪಿಸಿದರೆ ನಗುತ್ತಾರೆ. ತಜ್ಞರಾದರೂ ಎಲ್ಲಿ? ನಮ್ಮ ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರಲ್ಲಿ. ಅದು ಎಷ್ಟು ವರ್ಷ ಎಳೆಯಿತೆಂದು ನಾನು ಬರೆಯಬೇಕಾಗಿಲ್ಲ.

ಎಲುಬು ಬಲ್ಲ ತಜ್ಞರನ್ನು ಕರೆಸಿ ಆ ಮಣ್ಣನ್ನು ಪುನಃ ಜರಡಿ ಹಿಡಿಸಲಿ, ಮಹಜರು ಕನ್ನಡದಲ್ಲಿ ಕೊಡಲಿ. ಆಗದಿದ್ದರೆ ಮಳೆ ಬರುವ ಮೊದಲು ರಾಶಿಗೊಂದು ಟರ್ಪಾಲಾದರೂ ಹೊದೆಸಲಿ. ಅದೂ ಆಗದವರು ಹೇಳಿಕೆ ಕೊಡುವುದನ್ನಾದರೂ ನಿಲ್ಲಿಸಲಿ.

– ನಿವೃತ್ತ ಎಕ್ಸ್‌ರೇ ತಂತ್ರಜ್ಞ, ಕಾಸರಗೋಡು